ಬರ್ತೀನಿ ಎಂದು ಬಂದ ಜುಂಜಣ್ಣ

ಕ್ಯಾತಪ್ಪನ ಮಗ ದೊಡ್ಡೀರಪ್ಪ, ದೊಡ್ಡೀರಪ್ಪನ ಮಗ ಜುಂಜಣ್ಣ. ಕ್ಯಾತಪ್ಪ ಕ್ಷಾಮದ ವರ್ಷ ಮುನ್ನೂರು ಕುರಿಗಳನ್ನು ವೇದಾವತಿ ದಾಟಿಸಿ, ರಾಯದುರ್ಗದ ಸೀಮೆಯಲ್ಲಿ ಮೇಯಿಸಿ, ಒಂದು ಮರಿಯನ್ನೂ ತೋಳದ ಬಾಯಿಗೆ ಕೊಡದೆ ಹಿಂದಕ್ಕೆ ತಂದವನು. ದೊಡ್ಡೀರಪ್ಪ ಹಟ್ಟಿಯ ಬಾಗಿಲಲ್ಲಿ ಸೇಂದಿಯ ಗಡಿಗೆಯನ್ನು ಒದ್ದು ಒಡೆದು, ಈ ಮುಳ್ಳುಬೇಲಿಯೊಳಗೆ ಮತ್ತೇರಿಸುವ ಹನಿಯೂ ಬರಕೂಡದೆಂದು ಗಂಡಸರಿಂದೆಲ್ಲ ಆಣೆ ಹಾಕಿಸಿದವನು. ಆ ಆಣೆಯನ್ನು ಜುಂಜಣ್ಣ ಕಡಲಾಚೆಗೂ ಕೊಂಡೊಯ್ದು ಕಾಪಾಡಿದ.

ಹೋದದ್ದು ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪಕ್ಕೆ, ಕುರಿ ಕಾಯಲು. ಅದರ ಬಡಗಣ ಗಲ್ಲೂರ ಸೀಮೆಯ ಬಂಡೆಗುಡ್ಡ ಕಂಡಾಗ ತನ್ನ ಮೊಳಕಾಲ್ಮೂರೇ ಎದ್ದು ಬಂದು ಕುಳಿತಂತಾಯಿತು. ಧಣಿ ಎಫೀಸಿಯೊ ಹೆಂಡತಿ ಮಕ್ಕಳಿಲ್ಲದ ಮುದುಕ. ಬಂಡೆ ಕರಗಿ ಆದ ಮರಳು ನೆಲದಲ್ಲಿ, ಕಡಲ ಗಾಳಿಗೆ ಬಾಗಿ ಬೆಳೆದ ದ್ರಾಕ್ಷಿ ಅವನದು. ಅದರ ಬಿಳಿ ವೈನಿಗೆ ವೆರ್ಮೆಂತೀನೊ ಎಂದು ಹೆಸರು, ಒಣಹುಲ್ಲಿನ ಬಣ್ಣ. ಜುಂಜಣ್ಣ ಕುಡಿಯಲಿಲ್ಲ, ಮೂಸಿದ. ತಬ್ಬಲಿ ಮರಿಗೆ ಬೇರೊಂದು ಕುರಿಯ ವಾಸನೆ ಹಿಡಿಸಿ ಹಾಲೂಡಿಸಿದವನ ಮೂಗು. ನಿಂಬೆಸಿಪ್ಪೆ, ಕಹಿ ಬಾದಾಮಿ, ಉಪ್ಪುಗಾಳಿ ಎಂದು ಬಿಡಿಸಿ ಹೇಳಿತು. ಅಂದಿನಿಂದ ಮುದುಕ ಊಟಕ್ಕೆ ಎರಡು ಲೋಟ ಇಟ್ಟ. ತನಗೆ ಕುಡಿಯಲೊಂದು, ಜುಂಜಣ್ಣನಿಗೆ ಮೂಸಲೊಂದು.

"ಇದನ್ನು ಊಟದಿಂದ ಅಗಲಿಸಬಾರದು. ಮೀನು ಬೇಕು, ಚಿಪ್ಪುಮೀನು ಬೇಕು, ಕುರಿಹಾಲಿನ ಎಳೆ ಚೀಸು, ಹಪ್ಪಳದಂಥ ರೊಟ್ಟಿ ಬೇಕು" ಎನ್ನುತ್ತಿದ್ದ.

"ನಮ್ಮ ರಾಗಿ ಮುದ್ದೆಗೆ?"

"ಅಗಿಯದೆ ನುಂಗುವವನಿಗೆ ವೈನು ಯಾಕೋ!"

ಒಂಬತ್ತನೆಯ ವರ್ಷ ಅವ್ವ ಹಾಸಿಗೆ ಹಿಡಿದಳೆಂದು ಫೋನು ಬಂತು. ಹೊರಟ ಜುಂಜಣ್ಣ ಹೊಸ್ತಿಲಲ್ಲಿ ನಿಂತು, ನಮ್ಮ ಕಡೆ ಯಾರಾದರೂ ಹೇಳುವಂತೆ, 'ಬರ್ತೀನಿ' ಎಂದ. ಹೇಳಿದ್ದು ಮಾತ್ರ ಮುದುಕನ ಭಾಷೆಯಲ್ಲಿ. ಹೋಗುವವನು ಹೋಗುತ್ತೇನೆ ಎನ್ನಬಾರದೆಂದು ನಮಗೆ ಹೆತ್ತವರು ಕಲಿಸಿದ್ದು. ಮುದುಕನ ಕಿವಿಗೆ ಅದು ಕೊಟ್ಟ ಮಾತು.

ಅವ್ವ ಮೂರು ವರ್ಷ ಮಲಗಿದ್ದು ಮಣ್ಣಾದಳು. ಆಮೇಲೆ ಮತ್ತೆ ಹೋಗಲು ಕಾಗದಪತ್ರ ಕೈಗೂಡಲಿಲ್ಲ. ಫೋನಿನಲ್ಲಿ ಬರಲಾರೆ ಎನ್ನಲು ನಾಲಿಗೆ ಏಳಲಿಲ್ಲ.

ಮೊನ್ನೆ ಹಂಪಿ ನೋಡಲು ಬಂದ ಎಫೀಸಿಯೊನ ತಂಗಿಯ ಮಗಳು ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿಗೆ ಬಂದು ಅವನ ವೈನಿನ ಒಂದು ಬಾಟಲಿ ಕೊಟ್ಟಳು. ಬರುತ್ತೇನೆ ಎಂದಿದ್ದಾನೆ ಎನ್ನುತ್ತ ಮಾವ ಬೇರೆ ಆಳು ಇಡಲಿಲ್ಲವಂತೆ. ನಾಲ್ಕು ಸುಗ್ಗಿ ಎರಡು ಲೋಟ ಇಟ್ಟು ಕಾದನಂತೆ. ಐದನೆಯದರಲ್ಲಿ ಒಬ್ಬನೇ ಗೊಂಚಲು ಕೊಯ್ಯುತ್ತ ನಡುಸಾಲಿನಲ್ಲಿ, ಬಿಸಿಲಲ್ಲಿ ಬಿದ್ದು ಸತ್ತನಂತೆ.

ಸತ್ತವನಿಗೆ ಎಡೆ ಇಡಬೇಕೆಂದು ಜುಂಜಣ್ಣನ ಹೆಂಡತಿ ರೇಣುಕಮ್ಮ ಸಜ್ಜೆ ರೊಟ್ಟಿಯನ್ನು ಗರಿಗರಿಯಾಗಿ ಸುಟ್ಟಳು, ಕೆರೆಮೀನು ಹುರಿದಳು, ಕುರಿಹಾಲು ಒಡೆಸಿ ಬಟ್ಟೆಯಲ್ಲಿ ಹಿಂಡಿದಳು. ಬಾಟಲಿ ಮಾತ್ರ ಬೇಲಿಯ ಹೊರಗಿತ್ತು. ಜುಂಜಣ್ಣ ಎಡೆಯನ್ನೇ ಎತ್ತಿಕೊಂಡು ಹೊರಟ.

"ಎಡೆ ಮನ್ಯಾಗೆ ಇಡಬೇಕಲ್ರೀ? ಹೊರಗಿಟ್ರೆ ದಿಕ್ಕಿಲ್ಲದೋನು ಅಂದಂಗಾಗ್ತೈತೆ."

"ಅದಕ್ಕೇ ಜತೀಗೆ ನಾನು ಕುಂತ್ಕಂತೀನಿ ಬಿಡೇ."

ಬೇಲಿಯಾಚೆ ಬೋಳು ನೆಲದಲ್ಲಿ ಎಡೆ ಇಟ್ಟ. ಎರಡು ಲೋಟ ತುಂಬಿಸಿದ. ಒಂದನ್ನು ಮೂಗಿಗೆ ಹಿಡಿದ. ಕಣ್ಣು ತುಂಬಿ, ಮೂಗು ಕಟ್ಟಿ, ಯಾವ ವಾಸನೆಯೂ ಹತ್ತಲಿಲ್ಲ.

ಹಟ್ಟಿಯ ಪೂಜಾರಿ ಬೊಮ್ಮಲಿಂಗಪ್ಪ ಬೇಲಿಯ ಬಾಯಿಗೆ ಬಂದು ನಿಂತ. "ಲೇ ಜುಂಜ, ನಿಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆತು. ಒಳಕ್ಕೆ ತಗಂಬಾರಲೇ. ದೇವ್ರಿಗೆ ನಾನು ಹೇಳ್ಕಂತೀನಿ, ತೀರ್ಥ ಹಾಕ್ತೀನಿ. ನಮ್ ಹೈಕ್ಳು ಚಳ್ಳಕೆರೆ ಬಾರ್ ಮುಂದೆ ಉರುಳಾಡ್ತಾವೆ, ನಿಂದೇನು ಮಹಾ?"

"ಅವೂ ಬೇಲಿ ಹೊರಗೇ ಉರುಳ್ತಾವಲ್ಲಣ್ಣ."

ಬೊಮ್ಮಲಿಂಗಪ್ಪನಿಗೆ ನಗು ಬಂತು, ನಗಲಿಲ್ಲ. ಹೆಗಲ ಕಂಬಳಿ ತೆಗೆದ. "ಇದನ್ನಾದ್ರೂ ನೆಳ್ಳು ಮಾಡ್ತೀನಿ ತಡಿ. ತಲೆ ಸುಡ್ತೈತೆ."

"ಬ್ಯಾಡಣ್ಣ. ಅವನಿಗೆ ಯಾರು ನೆಳ್ಳು ಹಿಡಿದ್ರು? ತೀರ್ಥಾನೂ ಬ್ಯಾಡ, ಕಂಬಳೀನೂ ಬ್ಯಾಡ. ನೀವು ನಡೀರಿ ಒಳಕ್ಕೆ. ಹಿಂದೇನೇ ಬರ್ತೀನಿ ಅಂತ ಮಾತ್ರ ನನ್ನ ಬಾಯಾಗೆ ಅನ್ನಿಸಬ್ಯಾಡ್ರಿ."