ಮೂವತ್ತೈದಕ್ಕೆ ಪಾಸಾದ ಮಜ್ಜೆ

ಕೋವಿಡ್ ಇಳಿದ ಮರುವರ್ಷ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಪ್ಯಾಥಾಲಜಿಸ್ಟ್ ಆಗಿ ನನ್ನ ಕೊನೆಯ ದಿನಗಳು ನಡೆಯುತ್ತಿದ್ದವು. ಕಣ್ಣು ಬೇಗ ದಣಿಯುತ್ತಿತ್ತು, ಕುತ್ತಿಗೆ ಅದಕ್ಕೂ ಮೊದಲೇ. ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆ ರೋಗಿಯ ಮುಖ ಕಾಣುವುದು ಅಪರೂಪ. ಶರಣಮ್ಮನ ಮುಖ ಕಂಡದ್ದು ಅವಳ ಮೂಳೆಯ ಮಜ್ಜೆಯನ್ನು ನೋಡಿದ ಎಷ್ಟೋ ದಿನಗಳ ಮೇಲೆ.

ಯಾದಗಿರಿ ಕಡೆಯ ಹೆಂಗಸು, ಅರವತ್ತೈದರ ಆಸುಪಾಸು. ಮಗ ಮಲ್ಲಪ್ಪ ಇಲ್ಲಿಯ ಮಿಯಾಪುರದ ಅಪಾರ್ಟ್‌ಮೆಂಟ್ ಕಟ್ಟಡವೊಂದರಲ್ಲಿ ಗೋಡೆ ಕಟ್ಟುವ ಗೌಂಡಿ. ಅಲ್ಲಿಯ ಕೂಲಿಕಾರರ ಶೆಡ್ಡಿನಲ್ಲಿ ಎಲ್ಲರಿಗೂ ರೊಟ್ಟಿ ಬಡಿಯುವವಳು ಈಕೆ. ವಸಡಿನಿಂದ ರಕ್ತ ಬರತೊಡಗಿತು, ಮೈಮೇಲೆ ನೀಲಿ ಕಲೆಗಳೆದ್ದವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲೆ ಇರಬೇಕಾದದ್ದು ಹನ್ನೆರಡು ಸಾವಿರಕ್ಕೆ ಇಳಿದಿತ್ತು. ಬ್ಲಡ್ ಕ್ಯಾನ್ಸರ್ ಇರಬಹುದೇ ಎಂದು ನೋಡಲು ರಕ್ತರೋಗ ತಜ್ಞರು ಸೊಂಟದ ಎಲುಬಿನಿಂದ ಮಜ್ಜೆ ತೆಗೆಸಿದರು.

ಸ್ಲೈಡ್ ನೋಡಿ ನನಗೆ ಸಮಾಧಾನವೇ ಆಯಿತು. ರಕ್ತಕಣ ತಯಾರಿಸುವ ಭಾಗ, ಅಂದರೆ ಸೆಲ್ಯುಲಾರಿಟಿ, ಮೂವತ್ತೈದು ಶೇಕಡಾ, ಉಳಿದದ್ದು ಕೊಬ್ಬು. ಎಳೆಯ ಮಕ್ಕಳಲ್ಲಿ ಮಜ್ಜೆಯ ತುಂಬ ಕಣಗಳೇ ಇರುತ್ತವೆ. ವಯಸ್ಸಾದಂತೆ ಆ ಜಾಗಕ್ಕೆ ಕೊಬ್ಬು ಬರುತ್ತದೆ. ನೂರರಲ್ಲಿ ವಯಸ್ಸನ್ನು ಕಳೆದರೆ ಬರುವುದೇ ಹೆಚ್ಚುಕಡಿಮೆ ಇರಬೇಕಾದ ಪ್ರಮಾಣ. ಬ್ಲಾಸ್ಟ್ ಎಂಬ ಎಳೆಯ ಕಣಗಳು ಎರಡು ಶೇಕಡಾ, ಐದರೊಳಗಿದ್ದರೆ ಭಯವಿಲ್ಲ. ಪ್ಲೇಟ್‌ಲೆಟ್ ಹೆರುವ ದೊಡ್ಡ ಕಣಗಳಂತೂ ಬೇಕಾದಷ್ಟಿದ್ದವು. ಹಾಗೆಯೇ ಬರೆದು ಸಹಿ ಹಾಕಿ ಮುಂದಿನ ಸ್ಲೈಡ್ ಎತ್ತಿಕೊಂಡೆ.

ಎರಡು ದಿನದ ಮೇಲೆ ರಕ್ತರೋಗ ತಜ್ಞರು ಫೋನ್ ಮಾಡಿದರು. ಶರಣಮ್ಮ ಬರಬೇಕಾದ ಹೊತ್ತಿಗೆ ಬಂದಿಲ್ಲ; ಮಗನಿಗೆ ಫೋನ್ ಮಾಡಿದರೆ ಏನೋ ಹೇಳಿ ಇಟ್ಟುಬಿಡುತ್ತಾನೆ. "ನಿಮಗೆ ಕನ್ನಡ ಬರುತ್ತಲ್ಲ, ನೀವೊಮ್ಮೆ ಮಾತಾಡಿ ನೋಡಿ" ಎಂದರು. ಮಾಡಿದೆ. ಹಿಂದೆ ರೈಲಿನ ಪ್ರಕಟಣೆ ಕೇಳುತ್ತಿತ್ತು. ತಾಯಿ ಮಗ ಇಬ್ಬರೂ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿದ್ದರು.

"ಊರಿಗೆ ಹೊಂಟೀವ್ರಿ ಮೇಡಂ" ಎಂದ ಮಲ್ಲಪ್ಪ. "ರಿಪೋರ್ಟ್ ಮೊಬೈಲಿಗೆ ಬಂತು, ಸೂಪರ್‌ವೈಸರ್ ಓದಿ ಹೇಳಿದ್ರು. ಎಲುಬಿನ್ಯಾಗ ಬ್ಲಾಸ್ಟ್ ಐತಂತ. ಒಳಗ ಬರೇ ಮೂವತ್ತೈದು ಉಳದೈತಂತ. ಇನ್ನೇನ್ ಮಾಡೋದೈತ್ರಿ? ಅವ್ವ ಊರಾಗ ಜೀವಾ ಬಿಡ್ತೀನಿ ಅನ್ನಾಕತ್ತಾಳ."

ಬುನಾದಿಗೆಂದು ಬಂಡೆ ಸಿಡಿಸುವುದನ್ನು ದಿನವೂ ನೋಡುವವನಿಗೆ ಬ್ಲಾಸ್ಟ್ ಅಂದರೆ ಬೇರೇನು ಹೊಳೆದೀತು?

"ರೈಲು ಹತ್ತಬ್ಯಾಡಪ್ಪಾ, ಮೊದ್ಲ ನನ್ನ ಮಾತು ಕೇಳು" ಎಂದೆ. "ಬ್ಲಾಸ್ಟ್ ಅಂದ್ರ ಎಳೀ ಕಣ. ನನ್ನ ಎಲುಬಿನ್ಯಾಗೂ ಅದಾವ, ನಿನ್ನ ಎಲುಬಿನ್ಯಾಗೂ ಅದಾವ. ನಿಮ್ಮವ್ವನ ವಯಸ್ಸಿಗೆ ಮೂವತ್ತೈದು ಕಡಿಮಿ ಅಲ್ಲ, ಇರಬೇಕಾದಷ್ಟ ಐತಿ."

ಅವನು ಕೇಳಿದ: "ಎಲುಬು ಚಲೋ ಐತಿ ಅಂದ್ರ ರಕ್ತ ಯಾಕ ಬರಾಕತ್ತೈತ್ರಿ?"

"ಇಟ್ಟಂಗಿ ಭಟ್ಟಿ ಚಲೋ ಐತಿ ಮಲ್ಲಪ್ಪಾ. ಹೊರಗ ಬಂದ ಇಟ್ಟಂಗಿ ಯಾರೋ ಒಡ್ಯಾಕತ್ತಾರ. ಅವರನ್ನ ತಡಿಯೋ ಗುಳಿಗಿ ಅದಾವ. ಆದ್ರ ಈಗ ಬಿಟ್ಟು ಹೋದ್ರ ತಲಿಯೊಳಗ ರಕ್ತ ಸೋರಬಹುದು."

ರೈಲು ಬಂದು ನಿಂತ ಸದ್ದು ಕೇಳಿಸಿತು. ಅವನು ತಾಯಿಗೆ ಏನೋ ಹೇಳಿದ. ಅವಳು ಬೇಡವೆಂದು ಹಟ ಹಿಡಿದಂತಿತ್ತು. ಫೋನ್ ಕಟ್ಟಾಯಿತು. ಸಂಜೆಗೆ ತಜ್ಞರ ಸಂದೇಶ ಬಂತು: ಅಡ್ಮಿಟ್ ಆಗಿದ್ದಾರೆ.

ಅವಳ ದೇಹದ ರಕ್ಷಣಾ ವ್ಯವಸ್ಥೆ ಅವಳದೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತಿತ್ತು. ಸ್ಟಿರಾಯ್ಡ್ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಎಣಿಕೆ ಒಂದೂವರೆ ಲಕ್ಷ ದಾಟಿತು.

ತಪಾಸಣೆಗೆ ಬಂದ ದಿನ ಇಬ್ಬರೂ ನನ್ನನ್ನು ಹುಡುಕಿಕೊಂಡು ಲ್ಯಾಬಿಗೆ ಬಂದರು. ಮಾತ್ರೆಯಿಂದ ಶರಣಮ್ಮನ ಮುಖ ಊದಿತ್ತು. ಕುರ್ಚಿ ತೋರಿಸಿದರೂ ಗೋಡೆಗೆ ಒರಗಿ ಕೆಳಗೇ ಕೂತಳು. ಎಲ್ಲವೂ ನಾರ್ಮಲ್ ಬಂದಿದೆ ಎಂದು ನಾನೇ ಸಂತೋಷದಿಂದ ಹೇಳಿದೆ.

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ನಾರ್ಮಲ್ ಅಂದ್ರ, ನಾ ಮತ್ತ ಒಲಿ ಮುಂದ ಕೂಡಬೇಕೇನ ಯವ್ವಾ? ಆ ದಿನ ಟೇಷನ್ನಿನ್ಯಾಗ ಭಾಳ ನೆಮ್ಮದಿ ಆಗಿತ್ತು ನನಗ. ಮುಗೀತು, ಇನ್ ರೊಟ್ಟಿ ಬಡಿಯೋದಿಲ್ಲ ಅಂತ."

ಮಲ್ಲಪ್ಪ ನೆಲ ನೋಡುತ್ತ, "ಇನ್ನೊಂದ್ ವಾರ ಸುಧಾರಿಸ್ಕೋ ಬೇ" ಎಂದ ತಾಯಿಗೆ. ಅವನ ಕೈಯಲ್ಲಿ ಅದಕ್ಕಿಂತ ಹೆಚ್ಚಿನದು ಇರಲಿಲ್ಲವೇನೋ. ತಜ್ಞರಿಗೆ ಹೇಳಿ ಎರಡು ತಿಂಗಳ ವಿಶ್ರಾಂತಿ ಎಂದು ಚೀಟಿಯಲ್ಲಿ ಬರೆಸಿಕೊಟ್ಟೆ. ಶೆಡ್ಡಿನಲ್ಲಿ ಅದನ್ನು ಯಾರು ಎಷ್ಟು ಪಾಲಿಸಿದರೋ ನನಗೆ ತಿಳಿಯದು.

ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ಮಜ್ಜೆಯ ವರದಿಯಲ್ಲೂ ಅಂಕಿಯ ಪಕ್ಕ 'ಈ ವಯಸ್ಸಿಗೆ ಸಹಜ' ಅಥವಾ 'ಸಹಜವಲ್ಲ' ಎಂದು ಬಿಡಿಸಿ ಬರೆದೆ. ಬರಿಯ ಅಂಕಿ ಜನರನ್ನು ರೈಲು ಹತ್ತಿಸಿಬಿಡುತ್ತದೆ. ಆದರೆ ಕೆಲಸ ನನಗೆ ಕಲಿಸಿದ್ದು ಅಷ್ಟೇ ಅಲ್ಲ. ಎಲುಬಿನೊಳಗೆ ಎಲ್ಲ ಸರಿಯಾಗಿದೆ ಎನ್ನುವಷ್ಟು ಮಾತ್ರ ನನ್ನ ವಿದ್ಯೆ. ಆ ಎಲುಬು ಎಷ್ಟು ದಣಿದಿದೆ ಎಂದು ತಿಳಿಯಬೇಕಾದರೆ ಅವಳನ್ನೇ ಕೇಳಬೇಕಾಗಿತ್ತು.