ಹುರಿಹಿಟ್ಟಿಗೆ ಎಷ್ಟು ದೊಡ್ಡ ಕವರು

ಚಿಂತಾಮಣಿಯ ಸಂತೆಯಲ್ಲಿ ರಾಗಿ ಹುರಿಹಿಟ್ಟನ್ನು ಪಾವಿನಲ್ಲಿ ಅಳೆದು ಮಾರುತ್ತಿದ್ದರು. ಮಾರುವವಳು ಹಗುರವಾಗಿ ತುಂಬುತ್ತಾಳೆ. ಕೊಳ್ಳುವವಳು ಪಾವಿನ ಮಗ್ಗುಲಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾಳೆ. ಹಿಟ್ಟು ಕುಸಿಯುತ್ತದೆ, ಕುಸಿದಷ್ಟನ್ನು ಮತ್ತೆ ತುಂಬಬೇಕು. ಎರಡು ಸಲ ಕುಟ್ಟಬಹುದು. ಮೂರನೆಯದಕ್ಕೆ ಜಗಳ. ಅಲ್ಲಿ ಹಿಟ್ಟು ಮಾರುತ್ತಿದ್ದ ನನ್ನ ಸೋದರತ್ತೆ ಆ ಜಗಳದಲ್ಲಿ ಒಮ್ಮೆಯೂ ಸೋಲಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಸುಳ್ಳು. ಸೋಲುತ್ತಿದ್ದಳು. ಸೋತು ಬಂದು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಅವಳು ಗಂಡನನ್ನು ಬಿಟ್ಟು ಬಂದು ನಮ್ಮ ಮನೆಯಲ್ಲೇ ಇದ್ದಳು. ಅಮ್ಮ ಅವಳೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು ನನ್ನ ಮೂಲಕ ಬೈದುಕೊಳ್ಳುತ್ತಿದ್ದರು.

"ನಿಮ್ಮತ್ತೆಗೆ ಹೇಳಪ್ಪ, ಒಲೆ ಅವರಪ್ಪನ ಮನೇದಲ್ಲ ಅಂತ."

"ನಿಮ್ಮಮ್ಮನಿಗೆ ಹೇಳು, ಇದು ನಮ್ಮಪ್ಪನ ಮನೇನೇ ಅಂತ."

ನಾನು ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಜಗಲಿಯ ಮೇಲೆ ಕುಳಿತು ಹಳೆಯ ಪೇಪರು ಓದುತ್ತಿದ್ದ ಕಾಲ ಅದು. ಅರವತ್ತರ ದಶಕದ ಕೊನೆ. ನಮ್ಮ ಕಡೆಯ ಅಂಗಡಿಗಳಿಗೆ ಪ್ಲಾಸ್ಟಿಕ್ ಕವರು ಆಗಷ್ಟೇ ಬಂದಿತ್ತು. ಗೌರಿಬಿದನೂರಿನ ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟಿದ್ದವನೊಬ್ಬ, ವಿದುರಾಶ್ವತ್ಥಕ್ಕೆ ಹೋಗುವವರಿಗೆ ತಿಂಡಿ ಮಾರುತ್ತಿದ್ದವನು, ಅತ್ತೆಗೆ ಹೇಳಿ ಕಳಿಸಿದ: ಹಿಟ್ಟನ್ನು ಕವರಿಗೆ ಹಾಕಿ ತನ್ನಿ, ಚೆನ್ನಾಗಿ ಕಂಡರೆ ವಾರ ವಾರ ತೆಗೆದುಕೊಳ್ಳುತ್ತೇನೆ, ಅಂಗಡಿಯ ಹಿಂದೆ ಒಂದು ಕೋಣೆಯೂ ಖಾಲಿ ಇದೆ.

ಅತ್ತೆಗೆ ಬೇಕಾಗಿದ್ದದ್ದು ಆ ಕೋಣೆ. ಮನೆಗೆಲ್ಲ ಅದು ಗೊತ್ತಿತ್ತು. ಅಮ್ಮನಂತೂ ಅವಳಿಗಾಗಿ ಏಲಕ್ಕಿ ಕುಟ್ಟಿಕೊಟ್ಟಳು.

ಸೈನ್ಸ್ ಓದಿದವನೆಂದು ಕವರಿನ ಅಳತೆ ನೋಡುವ ಕೆಲಸ ನನಗೆ ಬಿತ್ತು. ಚಿಕ್ಕಬಳ್ಳಾಪುರದಿಂದ ದೊಡ್ಡದೊಂದು, ಚಿಕ್ಕದೊಂದು ತಂದೆ. ಆಗಷ್ಟೇ ಬೀಸಿ ಜರಡಿ ಹಿಡಿದ ಹಿಟ್ಟು ಕಾಲು ಕೆಜಿ ಹಾಕಿದರೆ ಚಿಕ್ಕದರ ಬಾಯಿಯವರೆಗೂ ಉಬ್ಬಿ ನಿಂತಿತು. ಬಾಯಿ ಮುಚ್ಚಲು ಜಾಗವಿಲ್ಲ. ದೊಡ್ಡದರಲ್ಲಿ ನಾಲ್ಕು ಬೆರಳು ಉಳಿಯಿತು.

"ದೊಡ್ಡದೇ ಸರಿ," ಅಂದೆ.

"ಕುಟ್ಟಿ ನೋಡೋ," ಅಂದಳು ಅತ್ತೆ.

"ಪಾವಲ್ಲ ಅತ್ತೆ ಇದು. ಬಾಯಿ ಮುಚ್ಚಿದ್ಮೇಲೆ ಒಳಗಿನ ಗಾಳಿ ಹೊರಗೆ ಹೋಗಲ್ಲ. ಹಿಟ್ಟು ಎಲ್ಲಿ ಕೂರುತ್ತೆ?"

"ನಿಜವೇನೋ?"

"ಪುಸ್ತಕದಲ್ಲೈತೆ."

ಈ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ, ಪ್ರತಿ ಸಲವೂ ನನ್ನ ದಡ್ಡತನದ ಕಥೆಯಾಗಿ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಅದು ದಡ್ಡತನವಲ್ಲ. ಗಾಳಿ ಮೇಲೆ ಉಳಿಯುತ್ತದೆ, ಹಿಟ್ಟು ಕೆಳಗೆ ಕೂರುತ್ತದೆ ಎಂದು ನನಗೆ ಗೊತ್ತಿತ್ತು. ಅತ್ತೆ ಮನೆಯಲ್ಲಿರುವವರೆಗೆ ಅಮ್ಮನ ಕಣ್ಣು ಅವಳ ಮೇಲಿರುತ್ತಿತ್ತು. ಅವಳು ಹೋದರೆ ಆ ಕಣ್ಣು ಎಲ್ಲಿಗೆ ತಿರುಗುತ್ತದೆಂದೂ ಗೊತ್ತಿತ್ತು. ಅಥವಾ ಈಗ ಹೀಗೆ ನನ್ನನ್ನು ಕೆಟ್ಟವನನ್ನಾಗಿ ಮಾಡಿಕೊಳ್ಳುವುದೂ ಒಂದು ಚಂದದ ಸುಳ್ಳಿರಬಹುದು. ನಂಬುವುದು ಬಿಡುವುದು ಓದುವವರ ಪಾಡು.

ದೊಡ್ಡ ಕವರುಗಳನ್ನೇ ತಂದೆವು. ಕವರಿನ ಬಾಯನ್ನು ಗರಗಸದ ಬ್ಲೇಡಿನ ಮೇಲೆ ಮಡಿಸಿ, ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿದೆವು. ಬುಟ್ಟಿ ತುಂಬ ದಿಂಬುಗಳಂತೆ ಕೂತವು.

ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಳು. ಶಿಡ್ಲಘಟ್ಟ ಬರುವ ಹೊತ್ತಿಗೇ ಹಿಟ್ಟು ಇಳಿದಿತ್ತು. ಅವಳು ನೋಡಿದಳು, ನನ್ನನ್ನೂ ನೋಡಿದಳು, ಸೆರಗು ಮುಚ್ಚಿದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರು ತಲುಪುವಾಗ ಅರ್ಧ ಹಿಟ್ಟು, ಅರ್ಧ ಗಾಳಿ.

ಅಂಗಡಿಯವನು ಒಂದನ್ನು ಬೆಳಕಿಗೆ ಹಿಡಿದ. "ಏಂ ತಾಯಿ, ದಾರೀಲಿ ಅರ್ಧ ನೀವೇ ತಿಂದ್ಬಿಟ್ರಾ?"

"ತೂಗಿ ನೋಡಿ. ಕಾಲು ಕೆಜಿ ಐತೆ."

"ತೂಕ ನಾನು ನೋಡ್ತೀನಮ್ಮ. ಬರೋ ಜನ ನೋಡೋದು ಕವರನ್ನ. ತಗೊಂಡು ಹೋಗಿ."

ನಾನು ಬುಟ್ಟಿ ಎತ್ತಲು ಬಗ್ಗಿದೆ. ತುಂಬ ಬೇಗ ಬಗ್ಗಿದೆನೇನೋ. ಅತ್ತೆ ನನ್ನ ಕೈ ತಳ್ಳಿದಳು. ಅಂಗಡಿಯವನ ಮೇಣದಬತ್ತಿ, ಬೆಲ್ಲ ಕೆರೆಯುವ ಕಬ್ಬಿಣದ ಪಟ್ಟಿ ಕೇಳಿ ತೆಗೆದುಕೊಂಡಳು. ಕವರಿನ ಮೇಲಿನ ಮೂಲೆಗೆ ಸಣ್ಣ ತೂತು ಮಾಡಿ ಗಾಳಿ ಹಿಂಡಿದಳು. ಹಲಗೆಯ ಮೇಲೆ ಕುಟ್ಟಿದಳು. ಎರಡಲ್ಲ, ಮೂರಲ್ಲ, ಇನ್ನು ಕುಸಿಯುವುದಿಲ್ಲ ಎನ್ನುವವರೆಗೆ. ಹಿಟ್ಟಿಗೆ ತಾಗಿಸಿ ಮಡಿಸಿ, ಅಂಟಿಸಿ, ಮೇಲಿನದನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಉಳಿದದ್ದು ಬೆಲ್ಲದಚ್ಚಿನ ಹಾಗೆ ಗಟ್ಟಿಯಾದ ಪುಟ್ಟ ಪೊಟ್ಟಣ. ಚಿಕ್ಕ ಕವರಿನಷ್ಟೂ ಇರಲಿಲ್ಲ.

ಅಂಗಡಿಯವನು ಅದನ್ನು ಒತ್ತಿ ನೋಡಿ, ಹಲಗೆಯ ಮುಂದಿನ ಸಾಲಿಗೆ ಇಟ್ಟ. "ಹಿಂಗಾದ್ರೆ ಸರಿ. ಎಲ್ಲಾ ಹಿಂಗೇ ಮಾಡಿ. ಈತ ಯಾರು, ಮಗನಾ?"

"ನಮ್ಮಣ್ಣನ ಮಗ. ದೊಡ್ಡ ಕವರು ಹುಡುಕಿ ತಂದ ಪಂಡಿತ ಇವನೇ."

ಅಲ್ಲಿದ್ದವರು ನಕ್ಕರು. ಬುಟ್ಟಿ ಮುಗಿಯುವವರೆಗೂ ನಾನು ಕತ್ತರಿಸಿದ ತುಂಡುಗಳನ್ನು ಹಿಡಿದುಕೊಂಡು ನಿಂತಿದ್ದೆ. ಅತ್ತೆ ಅಂದು ಮತ್ತೆ ನನ್ನೊಡನೆ ಮಾತಾಡಲಿಲ್ಲ. ಅವಳು ಕೋಣೆಗೆ ಸಾಮಾನು ಸಾಗಿಸಿದ ದಿನ ನಾನು ಮನೆಯಲ್ಲಿದ್ದೆನೋ ಇಲ್ಲವೋ ನೆನಪಿಲ್ಲ. ಮರುದಿನ ಇದ್ದೆ. ಅಮ್ಮ ತಟ್ಟೆ ಇಟ್ಟು, ಈಗ ನನ್ನ ಮೂಲಕ ಬೈಯಲು ಯಾರೂ ಇಲ್ಲದ್ದರಿಂದ, ನೇರವಾಗಿ ನನ್ನನ್ನೇ ಕೇಳಿದಳು:

"ನೀನು ಯಾವಾಗ ಹೊರಡ್ತೀಯಪ್ಪ?"