ಜವಳಿ ಅಂಗಡಿಗೆ ಕಟ್ಟಿದ ಇಳಿಜಾರು

"ಹಿಡೀರೋ! ಹಿಂದಕ್ಕ ಜಾರಾಕತ್ತೈತಿ!"

ಕೂಗಿದ್ದು ಮುಮ್ತಾಜಕ್ಕ. ಅವಳ ಮೂರು ಗಾಲಿಯ ಸೈಕಲ್ಲು ನಾನು ಕಟ್ಟಿದ ಇಳಿಜಾರನ್ನು ಅರ್ಧ ಹತ್ತಿ, ನಿಂತು, ಹಿಂದಕ್ಕೆ ಹೊರಟಿತ್ತು. ಓಡಿ ಹೋಗಿ ಹೆಗಲು ಕೊಟ್ಟೆ. ನಿಂತಿತು. ಅಂಗಡಿ ಮುಂದಿನ ಕಟ್ಟೆಯ ಮೇಲಿದ್ದ ಮುದುಕರು ಬಿದ್ದು ಬಿದ್ದು ನಕ್ಕರು.

"ಫಕೀರ್ಯಾ, ದಾರಿ ಮಾಡಂದ್ರ ಜಾರಗುಂಡಿ ಮಾಡೀಯಲ್ಲೋ!" ಎಂದ ಬಸಜ್ಜ.

ಇದು 1984ರ ಬೇಸಿಗೆ, ಶಿಗ್ಗಾವಿ ಪೇಟೆ. ನಾನು ಗೌಂಡಿ, ಅಂದರೆ ಗಾರೆ ಕೆಲಸದವನು. ಓದಿದ್ದು ಮೂರನೇ ಇಯತ್ತೆ. ಆಗ ನನಗೆ ಇಪ್ಪತ್ತೊಂದು.

ಮುಮ್ತಾಜಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲು ಹೋಗಿದ್ದವು. ಕೈಯಿಂದ ತಿರುಗಿಸುವ ಸೈಕಲ್ಲಿನಲ್ಲಿ ಓಡಾಡುತ್ತಿದ್ದಳು. ಊರಿನ ಅರ್ಧ ಹೆಂಗಸರ ಜಂಪರು ಹೊಲಿದವಳು ಜವಳಿ ಅಂಗಡಿಯ ಒಳಗೆ ಒಮ್ಮೆಯೂ ಹೋಗಿರಲಿಲ್ಲ. ಮೆಟ್ಟಿಲು ಮೂರು. ಅಂಗಡಿಯ ಮಾಲೀಕ ಸಾವಕಾರರು ಎರಡೋ ಮೂರೋ ಬಟ್ಟೆ ರಸ್ತೆಗೆ ಕಳಿಸುತ್ತಿದ್ದರು, ಅದರಲ್ಲೇ ಒಂದನ್ನು ಒಪ್ಪಿಕೊಳ್ಳಬೇಕು. ಈಗ ಹುಲಗೂರಿನ ವರನ ಜೊತೆ ಮದುವೆ ಗೊತ್ತಾಗಿತ್ತು. ಸೀರೆ ಆರಿಸುವುದನ್ನು ಗಂಡಿನ ಮನೆಯವರು ಅವಳಿಗೇ ಬಿಟ್ಟಿದ್ದರು.

"ನಾನ ಒಳಗ ಹೋಗಿ ಆರಿಸ್ತೇನ್ರಿ. ಯಾರೂ ನನ್ನ ಎತ್ತಬ್ಯಾಡ್ರಿ. ನಾ ಏನ್ ಜ್ವಾಳದ ಚೀಲಲ್ಲ," ಎಂದಳಂತೆ. ಆ ಮಾತು ನಾಟಿ ಸಾವಕಾರರು ನನ್ನನ್ನು ಕರೆಸಿದರು.

ಮೆಟ್ಟಿಲ ಎತ್ತರ ಇಪ್ಪತ್ತೊಂದು ಇಂಚು. ನಾನು ಐದೇ ಅಡಿ ಉದ್ದದ ಇಳಿಜಾರು ಕಟ್ಟಿದೆ. ಮೇಲೆ ರೆಡ್ ಆಕ್ಸೈಡ್ ಹಾಕಿ ಕನ್ನಡಿಯಂತೆ ತಿಕ್ಕಿದೆ. ಗೌಂಡಿಯ ಕೈಚಳಕ ನೋಡುವುದೇ ನುಣುಪಿನಲ್ಲಿ. ಅದೇ ತಪ್ಪಾಯಿತು. ಗಾಲಿಗೆ ಹಿಡಿತವೇ ಸಿಗಲಿಲ್ಲ.

"ಕಟ್ಟೂಕಿಂತ ಮೊದ್ಲ ನನ್ನ ಕೇಳಿದ್ಯೇನೋ?" ಎಂದಳು ಮುಮ್ತಾಜಕ್ಕ.

"ಇಲ್ಲಕ್ಕಾ."

"ಮತ್ತ ಈಗ ಕೇಳು."

ಮದುವೆಗೆ ಉಳಿದದ್ದು ಹತ್ತು ದಿನ. ಜಂಪರು ಹೊಲಿಯಲು ಎರಡು ದಿನ ಬೇಕು. ಅಂಗಡಿಯ ಬಾಗಿಲ ಹಲಗೆಗಳನ್ನು ಜೋಡಿಸಿ, ಒಂದು ತುದಿಗೆ ಇಟ್ಟಿಗೆ ಇಟ್ಟು, ಅವಳನ್ನೇ ಹತ್ತಿಸಿ ನೋಡಿದೆ. ಆರು ಅಡಿ ಹಲಗೆಗೆ ಎರಡು ಇಟ್ಟಿಗೆ ಇಟ್ಟರೆ ಸಲೀಸು. ಮೂರಕ್ಕೆ ಏದುಸಿರು. ಎರಡು ಅಂದರೆ ಆರು ಇಂಚು. ಅಡಿಗೆ ಒಂದು ಇಂಚು. ಹಾಗಾದರೆ ಇಪ್ಪತ್ತೊಂದು ಅಡಿ ಉದ್ದ ಬೇಕು. ನೇರ ಕಟ್ಟಿದರೆ ರಸ್ತೆಗೇ ಅಡ್ಡ, ಗೋಡೆಗುಂಟ ಹೋದರೆ ಕಟ್ಟೆ ಒಡೆಯಬೇಕು.

"ನಾವೆಲ್ಲಿ ಕುಂಡ್ರೂಣೋ?" ಎಂದು ಬಸಜ್ಜ ಎದ್ದ.

"ಒಳಗ ಬಂದು ಕುಂಡ್ರು ಅಜ್ಜಾ," ಎಂದರು ಸಾವಕಾರರು. "ಇಷ್ಟು ವರ್ಷ ಹೊರಗ ಕುಂತೀ, ಒಂದ್ ಧೋತ್ರಾನೂ ತಗೊಂಡಿಲ್ಲ."

ಬಸಜ್ಜನೇ ಮೊದಲು ನಕ್ಕ. ಕಟ್ಟೆ ಒಡೆದೆ. ಎರಡು ದಿನದಲ್ಲಿ ಹೊಸದು ಕಟ್ಟಿದೆ. ಈ ಸಲ ತಿಕ್ಕಲಿಲ್ಲ. ಹಸಿ ಸಿಮೆಂಟಿಗೆ ಹಗ್ಗ ಒತ್ತಿ ಅಡ್ಡಗೆರೆ ಮೂಡಿಸಿದೆ. ಕೊಟ್ಟಿಗೆಯಲ್ಲಿ ಎತ್ತು ಜಾರದಂತೆ ಮಾಡುತ್ತೇವಲ್ಲ, ಹಾಗೆ. ಐದು ದಿನ ನೀರು ಹೊಡೆದೆ.

ಮದುವೆಗೆ ಮೂರು ದಿನ ಇರುವಾಗ ಮುಮ್ತಾಜಕ್ಕ ಬಂದಳು. ಹಿಂದೆ ನಿಲ್ಲಲು ಹೋದೆ. "ದೂರ ಸರಿಯೋ," ಎಂದಳು. ನಿಲ್ಲದೆ ಹತ್ತಿದಳು. ಸೀದಾ ಒಳಗೆ, ಸಾವಕಾರರು ಕೂರುವ ಗಾದಿಯ ತನಕ.

"ಸಾವಕಾರ್ರ, ಆ ಮ್ಯಾಲಿಂದು ತಗೀರಿ. ಅದಲ್ರಿ, ಅದರ ಬಾಜೂಕಿಂದು. ಯವ್ವಾ, ಇವನ್ನೆಲ್ಲಾ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ?"

ಎರಡು ತಾಸು. ಕಪಾಟು ಖಾಲಿ. ಸಾವಕಾರರು ಸೀರೆ ರಾಶಿಯ ನಡುವೆ ಬೆವರು ಒರೆಸಿಕೊಂಡರು. "ರಸ್ತೇಕ ಕಳ್ಸೂದ ಛಲೋ ಇತ್ತವಾ. ಮೂರರಾಗ ಮುಗೀತಿತ್ತು!"

ಅಂಗಡಿಗೆ ಅಂಗಡಿಯೇ ನಕ್ಕಿತು. ಮುಮ್ತಾಜಕ್ಕ ಗಿಳಿಹಸಿರು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು. "ಇದ ನಂದು," ಎಂದಳು.

ಆಮೇಲೆ ಆ ದಾರಿಯಲ್ಲಿ ಕೋಲೂರಿದವರು, ಬಸುರಿಯರು ಎಲ್ಲರೂ ಹತ್ತಿದರು. ಈ ಕೆಲಸ ಕಲಿಸಿದ್ದು ಇಷ್ಟು: ಟೇಪು ಬಿಚ್ಚುವ ಮೊದಲು ಬಳಸುವವರನ್ನು ಕೇಳು. ಮುಗಿಯಿತು. ಹೇಳಲು ನನ್ನ ಬಳಿ ಬೇರೇನೂ ಇಲ್ಲ.